ಗೊರಕೆ ನಡುವೆ ಉಸಿರೇ ನಿಲ್ಲುತ್ತದೆ: ಸ್ಲೀಪ್ ಅಪ್ನಿಯಾ ಇದ್ದವರು, ಅವರ ಮನೆಯವರು ಇಲ್ಲಿ ಬರೆಯಿರಿ

ತೋಟದಮನೆ, ಶಿರಸಿ

ಎಲ್ಲರಿಗೂ ನಮಸ್ಕಾರ. ನನಗೆ 52 ವರ್ಷ. ಅಡಿಕೆ ತೋಟ, ನಾಲ್ಕು ದನ, ಸಣ್ಣ ಸಂಸಾರ. ಗೊರಕೆ ನನಗೆ ಮೂವತ್ತರಿಂದಲೂ ಇದೆ. "ಗೊರಕೆ ಹೊಡೆದು ಮಲಗುವವನು ಪುಣ್ಯವಂತ, ಅವನಿಗೆ ಸುಖನಿದ್ದೆ" ಅಂತ ನಮ್ಮ ಆಯಿ ಹೇಳುತ್ತಿದ್ದರು. ನಾನೂ ನಂಬಿದ್ದೆ.

ಹೋದ ವರ್ಷ ಅಡಿಕೆ ಕೊನೆ ಕೊಯ್ಲಿನ ಹೊತ್ತಿಗೆ ಹೆಂಡತಿ ಒಂದು ಮಾತು ಹೇಳಿದಳು. "ನಿಮ್ಮ ಗೊರಕೆಗೆ ನನಗೆ ಎಚ್ಚರ ಆಗೋದಿಲ್ಲ. ಅದು ನಿಂತಾಗ ಎಚ್ಚರ ಆಗುತ್ತದೆ." ಎಷ್ಟೋ ರಾತ್ರಿ ಅವಳು ಎದ್ದು ಕೂತು ನನ್ನ ಎದೆ ನೋಡುತ್ತಿದ್ದಳಂತೆ. ಒಂದು ರಾತ್ರಿ ಮೊಬೈಲಲ್ಲಿ ವಿಡಿಯೋ ಮಾಡಿದಳು. ಅದನ್ನು ನೋಡಿದ ಮೇಲೆ ನನಗೆ ಊಟ ಸೇರಲಿಲ್ಲ. ಗೊರಕೆ ಜೋರಾಗುತ್ತಾ ಹೋಗಿ ಥಟ್ಟನೆ ನಿಲ್ಲುತ್ತದೆ. ಎದೆ, ಹೊಟ್ಟೆ ಎಳೆದಾಡುತ್ತಿವೆ, ಆದರೆ ಶಬ್ದ ಇಲ್ಲ, ಗಾಳಿ ಇಲ್ಲ. 38 ಸೆಕೆಂಡ್. ಆಮೇಲೆ ಕೆರೆಯಲ್ಲಿ ಮುಳುಗಿದವನು ಮೇಲೆ ಬಂದ ಹಾಗೆ ಒಂದು ಏದುಸಿರು. ಮತ್ತೆ ಗೊರಕೆ. ಇದೆಲ್ಲ ಆಗುತ್ತಿದ್ದುದು ನನಗೆ ಒಂಚೂರೂ ಗೊತ್ತಿರಲಿಲ್ಲ.

ಗೊತ್ತಿದ್ದದ್ದು ಇಷ್ಟು. ಬೆಳಿಗ್ಗೆ ತಲೆನೋವು, ಬಾಯಿ ಒಣಗಿ ಬೆಂಡಾಗಿರುವುದು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳುವುದು. ಶುಗರ್ ಅಂದುಕೊಂಡೆ, ಪರೀಕ್ಷೆ ಮಾಡಿಸಿದರೆ ಇರಲಿಲ್ಲ. ಬಿಪಿಗೆ ಎರಡು ಮಾತ್ರೆ ತಗೊಂಡರೂ ಇಳಿಯುತ್ತಿರಲಿಲ್ಲ. ಸೊಸೈಟಿಯಲ್ಲಿ ಟೆಂಡರಿಗೆ ಕಾಯುತ್ತಾ ಕೂತಲ್ಲೇ ತೂಕಡಿಕೆ. ಒಂದು ಕಡೆ ತೋರಿಸಿದಾಗ "ರಾತ್ರಿ ಸರಿ ನಿದ್ದೆ ಇಲ್ಲ ನಿಮಗೆ" ಅಂತ ನಿದ್ದೆ ಮಾತ್ರೆ ಬರೆದುಕೊಟ್ಟರು. ಅದನ್ನು ತಗೊಂಡ ಹತ್ತು ದಿನ ಇನ್ನೂ ಕಷ್ಟ ಆಯಿತು.

ಕೊನೆಗೆ ಹುಬ್ಬಳ್ಳಿಯಲ್ಲಿ ಒಂದು ರಾತ್ರಿ ಸ್ಲೀಪ್ ಸ್ಟಡಿ ಮಾಡಿಸಿದೆ. ಗಂಟೆಗೆ 46 ಸಲ ಉಸಿರು ನಿಲ್ಲುತ್ತದೆ ಅಥವಾ ಕಮ್ಮಿಯಾಗುತ್ತದೆ, ಆಕ್ಸಿಜನ್ 71ರವರೆಗೆ ಇಳಿಯುತ್ತದೆ ಅಂತ ಬಂತು. ಮಾಸ್ಕಿನ ಮೂಲಕ ಗಂಟಲಿಗೆ ಗಾಳಿ ಬಿಡುವ ಸಿಪ್ಯಾಪ್ ಮಷಿನ್ ತಂದು ಮೂರು ವಾರ ಆಯಿತು. ತೊಂದರೆ ಏನೆಂದರೆ ಮಾಸ್ಕ್ ಮುಖದ ಮೇಲೆ ನಿಲ್ಲುತ್ತಿಲ್ಲ. ರಾತ್ರಿ ಒಂದೋ ಎರಡೋ ಗಂಟೆಗೆ ನನಗೇ ಗೊತ್ತಿಲ್ಲದೆ ಕಿತ್ತು ಹಾಕಿರುತ್ತೇನೆ. ಬಳಸಿ ರೂಢಿ ಆದವರು ಯಾರಾದರೂ ಇದ್ದೀರಾ? ಗೊರಕೆಯನ್ನು ಸುಖನಿದ್ದೆ ಅಂದುಕೊಂಡು ಸುಮ್ನೆ ಕೂತ ಮನೆಗಳು ನಮ್ಮ ಜಿಲ್ಲೆಯಲ್ಲಿ ಇನ್ನೂ ಎಷ್ಟಿವೆಯೋ. ಅದಕ್ಕೇ ಇಷ್ಟು ಉದ್ದ ಬರೆದೆ.

ರಾತ್ರಿಪಾಳಿ, ಯಲ್ಲಾಪುರ

ತೋಟದಮನೆ ಅವರೇ, ಒಳ್ಳೆ ಕೆಲಸ ಮಾಡಿದಿರಿ. ನಾನು ಊರು ಬಿಟ್ಟು ಹೊರಗಿದ್ದೇನೆ, ಸ್ಲೀಪ್ ಲ್ಯಾಬಿನಲ್ಲಿ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಆದರೆ ಜನ ಮಲಗಿದ್ದನ್ನು ಗಾಜಿನಾಚೆ ಕೂತು ನೋಡುವುದೇ ನನ್ನ ಕೆಲಸ. ಮಾಸ್ಕ್ ವಿಷಯಕ್ಕೆ ಆಮೇಲೆ ಬರುತ್ತೇನೆ. ಮೊದಲು ಇದು ಏನು ಅಂತ ಎಲ್ಲರಿಗೂ ಗೊತ್ತಾಗಲಿ.

ಹೊಳೆಯಿಂದ ತೋಟಕ್ಕೆ ನೀರೆಳೆಯುವ ಪಂಪಿಗೆ ಗಟ್ಟಿ ಪೈಪ್ ಹಾಕುತ್ತೀರಿ, ಅಲ್ವಾ? ಮೆತ್ತನೆಯದು ಹಾಕಿದರೆ ಎಳೆತಕ್ಕೆ ಅದು ಚಪ್ಪಟೆಯಾಗಿ ಅಂಟಿಕೊಳ್ಳುತ್ತದೆ. ಪಂಪ್ ಓಡುತ್ತಲೇ ಇರುತ್ತದೆ, ನೀರು ಬರುವುದಿಲ್ಲ. ನಮ್ಮ ಗಂಟಲು ಅಂಥ ಮೆತ್ತನೆ ಪೈಪ್. ಎಚ್ಚರ ಇರುವಾಗ ಸ್ನಾಯುಗಳು ಅದನ್ನು ಬಿಗಿಯಾಗಿ ತೆರೆದಿಟ್ಟಿರುತ್ತವೆ. ನಿದ್ದೆಯಲ್ಲಿ ಅವು ಸಡಿಲ ಆಗುತ್ತವೆ. ನಾಲಿಗೆಯ ಬುಡ ಹಿಂದಕ್ಕೆ ಜಾರುತ್ತದೆ. ದಾರಿ ಕಿರಿದಾದರೆ ಗೊರಕೆ, ಪೂರ್ತಿ ಮುಚ್ಚಿದರೆ ಅಪ್ನಿಯಾ. 10 ಸೆಕೆಂಡ್ ಅಥವಾ ಜಾಸ್ತಿ ನಿಂತರೆ ಲೆಕ್ಕಕ್ಕೆ ಹಿಡಿಯುತ್ತೇವೆ. ಆಕ್ಸಿಜನ್ ಇಳಿದಾಗ ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ. ಎರಡು ಮೂರು ಸೆಕೆಂಡಿನ ಎಚ್ಚರ ಅದು, ಬೆಳಿಗ್ಗೆ ನೆನಪಿರುವುದಿಲ್ಲ. ಹೀಗೆ ಮುಚ್ಚಿಕೊಳ್ಳುವುದಕ್ಕೆ ಅಬ್‌ಸ್ಟ್ರಕ್ಟಿವ್ ಅನ್ನುತ್ತಾರೆ. ಬಹುಪಾಲು ಜನರಿಗೆ ಇರುವುದು ಇದೇ.

ಎರಡನೆಯದು ಸೆಂಟ್ರಲ್. ಪೈಪ್ ಸರಿ ಇದೆ, ಮೋಟರಿಗೆ ಕರೆಂಟೇ ಬರುತ್ತಿಲ್ಲ. ಉಸಿರಾಡು ಅಂತ ಮೆದುಳು ಹೇಳುವುದನ್ನೇ ನಿಲ್ಲಿಸುತ್ತದೆ. ಇದರಲ್ಲಿ ಎದೆ ಎಳೆದಾಡುವುದಿಲ್ಲ, ಸುಮ್ಮನೆ ನಿಂತುಬಿಡುತ್ತದೆ. ಹೃದಯ ದುರ್ಬಲ ಆದವರಲ್ಲಿ, ಸ್ಟ್ರೋಕ್ ಆದವರಲ್ಲಿ, ಮಾರ್ಫಿನ್ ತರಹದ ನೋವಿನ ಔಷಧ ತಗೊಳ್ಳುವವರಲ್ಲಿ ಕಾಣುತ್ತದೆ. ಎರಡೂ ಬೆರೆತದ್ದೂ ಇರುತ್ತದೆ. ಕೆಲವರಿಗೆ ಸಿಪ್ಯಾಪ್ ಹಾಕಿ ಗಂಟಲು ತೆರೆದ ಮೇಲೆ ಸೆಂಟ್ರಲ್ ಕಾಣಿಸಿಕೊಳ್ಳುತ್ತದೆ. ಅದು ಎಷ್ಟೋ ಸಲ ಕೆಲವು ವಾರಗಳಲ್ಲಿ ತಾನೇ ಹೋಗುತ್ತದೆ.

ಉಸಿರು ನಿಲ್ಲುವುದು, ಕಮ್ಮಿಯಾಗುವುದು ಸೇರಿ ಗಂಟೆಗೆ 5ಕ್ಕಿಂತ ಕಮ್ಮಿ ಇದ್ದರೆ ದೊಡ್ಡವರಿಗೆ ಸರಿ. 5ರಿಂದ 15 ಸೌಮ್ಯ, 15ರಿಂದ 30 ಮಧ್ಯಮ, 30 ದಾಟಿದರೆ ತೀವ್ರ. ನಿಮ್ಮದು 46.

ರಾತ್ರಿ ಮೂತ್ರಕ್ಕೆ ಏಳುವ ವಿಷಯ ಬರೆದಿರಿ. ಇದನ್ನು ಬಹಳ ಜನ ಶುಗರ್, ಪ್ರಾಸ್ಟೇಟ್ ಅಂತಲೇ ತಿಳಿಯುತ್ತಾರೆ. ಮುಚ್ಚಿದ ಗಂಟಲಿನ ವಿರುದ್ಧ ಉಸಿರು ಎಳೆಯುವಾಗ ಎದೆಯೊಳಗಿನ ಒತ್ತಡ ಇಳಿದು ಹೃದಯದ ಗೋಡೆ ಹಿಗ್ಗುತ್ತದೆ. ಮೈಯಲ್ಲಿ ನೀರು ಜಾಸ್ತಿಯಾಗಿದೆ ಅಂತ ಹೃದಯ ತಪ್ಪು ತಿಳಿಯುತ್ತದೆ. ಮೂತ್ರ ಹೆಚ್ಚಿಸುವ ಹಾರ್ಮೋನ್ ಬಿಡುತ್ತದೆ. ಗಂಟಲು ಸರಿಯಾದರೆ ಇದೂ ಸರಿಯಾಗುವುದನ್ನು ತುಂಬಾ ನೋಡಿದ್ದೇನೆ.

ಶರಾವತಿ ದಡ, ಹೊನ್ನಾವರ

ನಮ್ಮ ಅಪ್ಪನಿಗೆ ಇದ್ದದ್ದು ಆ ಸೆಂಟ್ರಲ್. ಹಾರ್ಟ್ ಪಂಪಿಂಗ್ ಕಮ್ಮಿ ಇತ್ತು. ರಾತ್ರಿ ಉಸಿರು ಅಲೆಯ ಹಾಗೆ ಬರುತ್ತಿತ್ತು. ಸಣ್ಣದಾಗಿ ಶುರುವಾಗಿ, ಏರಿ ಏರಿ ಜೋರಾಗಿ, ಮತ್ತೆ ಇಳಿದು ಇಳಿದು ನಿಂತೇ ಹೋಗುತ್ತಿತ್ತು. ಗೊರಕೆ ಇರಲೇ ಇಲ್ಲ. ಅದಕ್ಕೇ ನಾವು ಅಪ್ನಿಯಾ ಅಂತ ಯೋಚನೆಯನ್ನೇ ಮಾಡಲಿಲ್ಲ. ಚೇನ್ ಸ್ಟೋಕ್ಸ್ ಉಸಿರಾಟ ಅಂದರು. ಹಾರ್ಟಿನ ಔಷಧ ಸರಿ ಹೊಂದಿಸಿದ ಮೇಲೆ ಎಷ್ಟೋ ಸುಧಾರಿಸಿತು.

ಒಂದು ಮಾತು ಹೇಳಬೇಕು. ಸೆಂಟ್ರಲ್ ತೊಂದರೆಗೆ ಉಸಿರಿನ ಲಯ ನೋಡಿಕೊಂಡು ತಾನೇ ಗಾಳಿ ಹೊಂದಿಸುವ ಎಎಸ್‌ವಿ ಅನ್ನುವ ಮಷಿನ್ ಇದೆ. ಹೃದಯದ ಪಂಪಿಂಗ್ ನೂರಕ್ಕೆ 45ಕ್ಕಿಂತ ಕೆಳಗೆ ಇಳಿದವರಿಗೆ ಅದು ಅಪಾಯ ಅಂತ 2015ರ ದೊಡ್ಡ ಅಧ್ಯಯನದಲ್ಲಿ ಗೊತ್ತಾಯಿತು. ಅವರಲ್ಲಿ ಹೃದಯದಿಂದಾದ ಸಾವು ಜಾಸ್ತಿ ಇತ್ತು. ಹಾಗಾಗಿ ಪಕ್ಕದ ಮನೆಯವರಿಗೆ ಕೊಟ್ಟದ್ದೇ ನಮಗೂ ಕೊಡಿ ಅಂತ ಯಾರೂ ಕೇಳಬೇಡಿ. ಯಾವ ಬಗೆ ಅಂತ ಗೊತ್ತಾಗಲೇಬೇಕು.

ಕುಮಟಾ ಅಕ್ಕ

ಮಕ್ಕಳಿಗೂ ಬರುತ್ತದೆ. ನನ್ನ ಮಗನಿಗೆ ಆಗ ಆರು ವರ್ಷ. ಬಾಯಿ ತೆರೆದೇ ಮಲಗುತ್ತಿದ್ದ. ಕುತ್ತಿಗೆ ಹಿಂದಕ್ಕೆ ಬಗ್ಗಿಸಿ ವಿಚಿತ್ರವಾಗಿ ಮಲಗುವುದು, ದಿಂಬು ಬೆವರಲ್ಲಿ ಒದ್ದೆ. ಬಿಟ್ಟುಹೋಗಿದ್ದ ಹಾಸಿಗೆ ಒದ್ದೆ ಮಾಡುವ ಅಭ್ಯಾಸ ಮತ್ತೆ ಶುರುವಾಯಿತು. ಶಾಲೆಯಿಂದ "ಒಂದು ಕಡೆ ಕೂರುವುದಿಲ್ಲ, ಗಮನ ಇಲ್ಲ" ಅಂತ ದೂರು. ನಾನು ಮಗುವಿಗೆ ಹೊಡೆದೂ ಇದ್ದೇನೆ. ಈಗ ನೆನೆದರೆ ಸಂಕಟ ಆಗುತ್ತದೆ.

ದೊಡ್ಡವರು ನಿದ್ದೆ ಕೆಟ್ಟರೆ ತೂಕಡಿಸುತ್ತಾರೆ. ಮಕ್ಕಳು ಹಾಗಲ್ಲ, ಚಟಪಟ ಅಂತ ಹಾರಾಡುತ್ತಾರೆ, ಸಿಟ್ಟು ಮಾಡುತ್ತಾರೆ. ಮೂಗಿನ ಹಿಂದಿನ ಅಡೆನಾಯ್ಡ್ ಊದಿ ದಾರಿಯನ್ನೇ ಮುಚ್ಚಿತ್ತು, ಟಾನ್ಸಿಲ್ ಕೂಡ ದೊಡ್ಡದು. ಎರಡನ್ನೂ ಆಪರೇಷನ್ ಮಾಡಿ ತೆಗೆದರು. ಮಕ್ಕಳಿಗೆ ಸಾಮಾನ್ಯವಾಗಿ ಇದೇ ಮೊದಲ ಚಿಕಿತ್ಸೆಯಂತೆ. ಮಕ್ಕಳಲ್ಲಿ ಗಂಟೆಗೆ ಒಂದಕ್ಕಿಂತ ಜಾಸ್ತಿ ಆದರೂ ಸರಿಯಲ್ಲ ಅಂತ ಲೆಕ್ಕ. ಆಪರೇಷನ್ ಆಗಿ ತಿಂಗಳೊಳಗೆ ಹಾಸಿಗೆ ಒಣಗಿತು. ಮಗು ಬಾಯಿ ಮುಚ್ಚಿ ಮಲಗಿದ್ದನ್ನು ಮೊದಲ ಸಲ ನೋಡಿದ ರಾತ್ರಿ ನಾನು ಅತ್ತೆಯನ್ನು ಎಬ್ಬಿಸಿ ತೋರಿಸಿದೆ.

ಹಳೆಮರ, ಸಿದ್ದಾಪುರ

ಬೇಸರ ಮಾಡಿಕೊಳ್ಳಬೇಡಿ. ನಮ್ಮ ಅಜ್ಜ ಗೊರಕೆ ಹೊಡೆಯುತ್ತಲೇ 84 ವರ್ಷ ಬದುಕಿದರು. ಆಗ ಈ ಕಾಯಿಲೆ ಎಲ್ಲಿತ್ತು? ಮಷಿನ್ ಮಾರುವವರು ಹುಟ್ಟಿಸಿದ್ದಲ್ಲ ತಾನೇ? ನಿಜವಾಗಿ ಕೇಳುತ್ತಿದ್ದೇನೆ.

ರಾತ್ರಿಪಾಳಿ, ಯಲ್ಲಾಪುರ

ಕೇಳಬೇಕಾದ ಪ್ರಶ್ನೆಯೇ. ಗೊರಕೆ ಹೊಡೆಯುವ ಎಲ್ಲರಿಗೂ ಅಪ್ನಿಯಾ ಇರುವುದಿಲ್ಲ. ನಿಮ್ಮ ಅಜ್ಜನಿಗೆ ಬರೀ ಗೊರಕೆ ಇದ್ದಿರಬಹುದು.

ಆದರೆ ಕಾಯಿಲೆ ಮಷಿನ್‌ಗಿಂತ ಮೊದಲೇ ಇತ್ತು. ನಿದ್ದೆಯಲ್ಲಿ ಉಸಿರು ನಿಲ್ಲುವುದನ್ನು 1965ರಲ್ಲೇ ಯುರೋಪಿನ ವೈದ್ಯರು ದಾಖಲಿಸಿ ತೋರಿಸಿದ್ದರು. ಆಗ ಇದ್ದ ನಿಜವಾದ ಚಿಕಿತ್ಸೆ ಒಂದೇ, ಕುತ್ತಿಗೆಯಲ್ಲಿ ರಂಧ್ರ ಮಾಡಿ ಗಂಟಲ ಕೆಳಗಿನಿಂದ ಉಸಿರಾಡಿಸುವುದು. 1981ರಲ್ಲಿ ಆಸ್ಟ್ರೇಲಿಯಾದ ಕಾಲಿನ್ ಸಲಿವನ್ ಮೂಗಿನ ಮೂಲಕ ಒಂದೇ ಒತ್ತಡದಲ್ಲಿ ಗಾಳಿ ಬಿಟ್ಟರೆ ಗಂಟಲು ಮುಚ್ಚುವುದಿಲ್ಲ ಅಂತ ತೋರಿಸಿದರು. ಶುರುವಿನಲ್ಲಿ ವ್ಯಾಕ್ಯೂಮ್ ಕ್ಲೀನರಿನ ಮೋಟರ್ ಬಳಸಿದ್ದರು. ಅದೇ ಇವತ್ತಿನ ಸಿಪ್ಯಾಪ್. ಗಾಳಿಯ ಒತ್ತಡ ಗಂಟಲಿಗೆ ಒಳಗಿನಿಂದ ಆಸರೆ ಕೊಡುತ್ತದೆ. ಅದರಲ್ಲಿ ಔಷಧವೂ ಇಲ್ಲ, ಬೇರೆ ಆಕ್ಸಿಜನ್ನೂ ಇಲ್ಲ.

ಗಾಯಕ, ಸಂಗೀತ ನಿರ್ದೇಶಕ ಬಪ್ಪಿ ಲಹಿರಿ 2022ರ ಫೆಬ್ರವರಿಯಲ್ಲಿ ತೀರಿಕೊಂಡಾಗ ವೈದ್ಯರು ಹೇಳಿದ ಕಾರಣಗಳಲ್ಲಿ ಇದೂ ಇತ್ತು. ಆಕ್ಸಿಜನ್ ರಾತ್ರಿಯಿಡೀ ಏರಿಳಿದರೆ ಬಿಪಿ ಏರುತ್ತದೆ, ಹೃದಯದ ಬಡಿತ ತಪ್ಪುತ್ತದೆ, ಸ್ಟ್ರೋಕ್ ಆಗುವ ಸಾಧ್ಯತೆ ಜಾಸ್ತಿಯಾಗುತ್ತದೆ. ಮೂರು ಬಗೆ ಮಾತ್ರೆಗೂ ಬಗ್ಗದ ಬಿಪಿ ಇದ್ದರೆ ಗೊರಕೆ ಇದೆಯಾ ಅಂತ ಕೇಳಲೇಬೇಕು.

ಅರಬೈಲ್ ತಿರುವು, ಅಂಕೋಲಾ

ನಾನು ಲಾರಿ ಓಡಿಸುತ್ತೇನೆ. ಹುಬ್ಬಳ್ಳಿ, ಯಲ್ಲಾಪುರ, ಅಂಕೋಲಾ, ಇದೇ ದಾರಿ. ಇದನ್ನು ಇದುವರೆಗೆ ಯಾರಿಗೂ ಹೇಳಿಲ್ಲ.

ಹೋದ ತಿಂಗಳು ಮಧ್ಯಾಹ್ನ, ರಾತ್ರಿ ಅಲ್ಲ, ಅರಬೈಲ್ ಘಾಟ್ ಇಳಿಯುತ್ತಿದ್ದೆ. ಲೋಡ್ ಇತ್ತು. ಒಂದು ತಿರುವು ಕಂಡದ್ದು ನೆನಪಿದೆ. ಅದರ ಮುಂದಿನ ತಿರುವಿನಲ್ಲಿ ಕಣ್ಣು ಬಿಟ್ಟೆ. ನಡುವಿನ ರಸ್ತೆ ನನಗೆ ನೆನಪೇ ಇಲ್ಲ. ಎದುರಿಂದ ಬಸ್ ಬರುತ್ತಿತ್ತು, ಅದರ ಹಾರನ್ ನನ್ನನ್ನು ಎಬ್ಬಿಸಿತು. ಗಾಡಿ ಬದಿಗೆ ಹಾಕಿ ಇಳಿದೆ. ಕಾಲು ನಡುಗುತ್ತಿತ್ತು. ಹಿಂದಿನ ರಾತ್ರಿ ಎಂಟು ಗಂಟೆ ಮಲಗಿದ್ದೆ.

ಹೆಂಡತಿ ಹೇಳುವುದೂ ತೋಟದಮನೆ ಅಣ್ಣನ ಮನೆಯವರು ಹೇಳಿದ್ದೇ. ಆದರೆ ಹೆದರಿಕೆ. ಕಾಯಿಲೆ ಅಂತ ಗೊತ್ತಾದರೆ ಮಾಲೀಕರು ಗಾಡಿ ಕೊಡುತ್ತಾರಾ? ಮನೆ ನಡೆಯುವುದೇ ಇದರಲ್ಲಿ.

ರಾತ್ರಿಪಾಳಿ, ಯಲ್ಲಾಪುರ

ಅಣ್ಣಾ, ಹೇಳಿಕೊಂಡದ್ದು ಒಳ್ಳೆಯದಾಯಿತು. ಮೊದಲ ಮಾತು, ತೋರಿಸುವವರೆಗೆ ಘಾಟಿನಲ್ಲಿ ಓಡಿಸಬೇಡಿ. ಬೇರೆ ಕಾರಣ ಹೇಳಿ ರಜೆ ಹಾಕಿ ಬೇಕಾದರೆ. ಟೀ, ಗುಟ್ಕಾ, ಮುಖಕ್ಕೆ ನೀರು, ಇದ್ಯಾವುದೂ ಆ ನಿದ್ದೆಯನ್ನು ತಡೆಯುವುದಿಲ್ಲ.

ಎರಡನೆಯದು, ಚಿಕಿತ್ಸೆಗೆ ಇದು ಬಗ್ಗುವ ಕಾಯಿಲೆ. ಮಷಿನ್ ಸರಿಯಾಗಿ ಹಾಕಿಕೊಂಡ ಡ್ರೈವರುಗಳು ಮತ್ತೆ ಕೆಲಸಕ್ಕೆ ಹೋದದ್ದನ್ನು ನೋಡಿದ್ದೇನೆ. ಹಗಲಿನ ಮಂಪರು ಕೆಲವರಿಗೆ ಕೆಲವೇ ದಿನಗಳಲ್ಲಿ ಇಳಿಯುತ್ತದೆ. ಕೆಲಸ ಹೋಗುವುದು ತೋರಿಸಿದ್ದಕ್ಕಲ್ಲ ಅಣ್ಣಾ, ತೋರಿಸದೆ ಇದ್ದದ್ದಕ್ಕೆ ಜೀವವೇ ಹೋಗಬಹುದು.

ನೀವೇ ಒಂದು ಲೆಕ್ಕ ಹಾಕಿ. ಜೋರು ಗೊರಕೆ, ಹಗಲು ಸುಸ್ತು, ಉಸಿರು ನಿಂತದ್ದನ್ನು ಯಾರಾದರೂ ನೋಡಿದ್ದು, ಬಿಪಿ, ಬಹಳ ದಪ್ಪ, 50 ದಾಟಿದ ವಯಸ್ಸು, 40 ಸೆಂ.ಮೀ.ಗಿಂತ ದೊಡ್ಡ ಕತ್ತು, ಗಂಡಸು. ಎಂಟರಲ್ಲಿ ಮೂರಕ್ಕೆ ಹೌದು ಅಂದರೂ ಪರೀಕ್ಷೆ ಮಾಡಿಸಬೇಕು. ಇದಕ್ಕೆ ಸ್ಟಾಪ್‌ಬ್ಯಾಂಗ್ ಅನ್ನುತ್ತಾರೆ.

ಬೈತಖೋಲ್ ಹುಡುಗ, ಕಾರವಾರ

ನಮ್ಮ ಮಾಮ ಮೀನು ಬೋಟಿನಲ್ಲಿ ತಾಂಡೇಲ, ಅಂದರೆ ಬೋಟ್ ನಡೆಸುವವರು. ಸಣಕಲು ಆಳು, ಹೊಟ್ಟೆ ಇಲ್ಲವೇ ಇಲ್ಲ. ಆದರೂ ಬೋಟಿನ ಕ್ಯಾಬಿನ್ನಲ್ಲಿ ಜೊತೆಗೆ ಮಲಗುವವರು "ಮಾಮನ ಉಸಿರು ನಿಲ್ಲುತ್ತದೆ" ಅಂತ ಹೆದರುತ್ತಾರೆ. ದಪ್ಪ ಇದ್ದವರಿಗೆ ಮಾತ್ರ ಅಲ್ವಾ ಇದು? ಮೀನುಗಾರಿಕೆ ರಜೆಯ ಎರಡು ತಿಂಗಳು ಮನೆಯಲ್ಲಿ ಇರುವಾಗ ದಿನಾ ಸಂಜೆ ಸ್ವಲ್ಪ ಕುಡಿಯುತ್ತಾರೆ. ಆಗ ಇನ್ನೂ ಜೋರು.

ರಾತ್ರಿಪಾಳಿ, ಯಲ್ಲಾಪುರ

ತೂಕ ದೊಡ್ಡ ಕಾರಣ, ಆದರೆ ಒಂದೇ ಕಾರಣ ಅಲ್ಲ. ಕೆಳದವಡೆ ಚಿಕ್ಕದಿದ್ದು ಹಿಂದಕ್ಕೆ ಸರಿದಿದ್ದರೆ ನಾಲಿಗೆಗೆ ಜಾಗ ಸಾಲುವುದಿಲ್ಲ. ನಮ್ಮ ಏಷ್ಯಾದ ಜನರಲ್ಲಿ ಇದು ಜಾಸ್ತಿ, ತೆಳ್ಳಗಿದ್ದವರಿಗೂ ಬರುತ್ತದೆ. ಥೈರಾಯ್ಡ್ ಕಮ್ಮಿ ಇರುವುದು, ಮೂಗು ಕಟ್ಟುವುದು, ಬೀಡಿ ಸಿಗರೇಟು, ಮನೆತನದಲ್ಲಿ ಬಂದದ್ದು, ಇವೂ ಕಾರಣ. ಹೆಂಡ ಗಂಟಲಿನ ಸ್ನಾಯುವನ್ನು ಇನ್ನೂ ಸಡಿಲ ಮಾಡುತ್ತದೆ. ನಿದ್ದೆ ಮಾತ್ರೆಗಳಲ್ಲೂ ಹಲವು ಹಾಗೆಯೇ. ತೋಟದಮನೆ ಅವರಿಗೆ ಕಷ್ಟ ಆದದ್ದು ಅದಕ್ಕೇ ಇರಬೇಕು.

ಮಾಮನಿಗೆ ಅಂಗಾತ ಮಲಗಿದಾಗ ಮಾತ್ರ ಜಾಸ್ತಿಯೋ ನೋಡಿ. ಹಾಗಿದ್ದರೆ ಮಗ್ಗುಲಾಗಿ ಮಲಗುವುದರಿಂದಲೇ ಎಷ್ಟೋ ಕಮ್ಮಿಯಾಗುತ್ತದೆ. ಸೌಮ್ಯ, ಮಧ್ಯಮ ಇದ್ದವರಿಗೆ ಹಲ್ಲಿನ ಡಾಕ್ಟರ್ ಮಾಡಿಕೊಡುವ ಒಂದು ಕ್ಲಿಪ್ ಇದೆ. ರಾತ್ರಿ ಹಾಕಿಕೊಂಡರೆ ಕೆಳದವಡೆಯನ್ನು ಮುಂದಕ್ಕೆ ಹಿಡಿದಿಡುತ್ತದೆ. ಕರೆಂಟ್ ಬೇಡ, ಬೋಟಿಗೂ ಒಯ್ಯಬಹುದು. ಬ್ಯಾಟರಿಯಲ್ಲಿ ಓಡುವ ಸಣ್ಣ ಸಿಪ್ಯಾಪ್ ಕೂಡ ಸಿಗುತ್ತದೆ.

ಕಾಳಿ ಸೇತುವೆ, ಕಾರವಾರ

ಹೆಂಗಸರ ಬಗ್ಗೆ ಯಾರೂ ಬರೆಯಲಿಲ್ಲ. ನಾನು ಶಾಲೆಯಲ್ಲಿ ಟೀಚರ್. ಮುಟ್ಟು ನಿಂತ ಮೇಲೆ ನನಗೆ ಶುರುವಾಯಿತು. ಗೊರಕೆ ಅಂಥ ಜೋರಿರಲಿಲ್ಲ. ನಿದ್ದೆ ಬರುವುದಿಲ್ಲ, ಬಂದರೆ ನಿಲ್ಲುವುದಿಲ್ಲ, ಹಗಲೆಲ್ಲ ಸುಸ್ತು, ಸುಮ್ನೆ ಅಳು. ವರ್ಷಗಟ್ಟಲೆ "ಟೆನ್ಷನ್", "ಡಿಪ್ರೆಷನ್", "ರಕ್ತ ಕಮ್ಮಿ" ಅಂತ ಬೇರೆ ಬೇರೆ ಮಾತ್ರೆ. ಕೊನೆಗೆ ಮಗಳು ಹಟ ಹಿಡಿದು ಪರೀಕ್ಷೆ ಮಾಡಿಸಿದಳು. ಗಂಟೆಗೆ 22 ಬಂತು.

ಹೆಂಗಸು ಗೊರಕೆ ಹೊಡೆಯುತ್ತಾಳೆ ಅಂತ ಮನೆಯಲ್ಲಿ ಹೇಳಲು ನಾಚಿಕೆ, ಡಾಕ್ಟರ್ ಮುಂದೆ ಇನ್ನೂ ನಾಚಿಕೆ. ಗಂಡನ ಉಸಿರನ್ನು ನಾವು ಎಣಿಸುತ್ತೇವೆ. ನಮ್ಮದನ್ನು ಎಣಿಸುವವರು ಯಾರು? ದಯವಿಟ್ಟು ನಿಮ್ಮ ಅಮ್ಮ, ಅಕ್ಕ, ಹೆಂಡತಿ ಮಲಗಿದ್ದಾಗ ಒಂದು ರಾತ್ರಿ ಕೇಳಿಸಿಕೊಳ್ಳಿ.

ತೋಟದಮನೆ ಅವರಿಗೆ ನನ್ನ ಅನುಭವ ಹೇಳುತ್ತೇನೆ. ನನಗೂ ಮೊದಲ ತಿಂಗಳು ಮಾಸ್ಕ್ ಆಗಲಿಲ್ಲ. ಬಾಯಿ ಮೂಗು ಎರಡೂ ಮುಚ್ಚುವುದು ಕೊಟ್ಟಿದ್ದರು, ಉಸಿರು ಕಟ್ಟಿದ ಹಾಗೆ ಆಗುತ್ತಿತ್ತು. ಮೂಗಿಗೆ ಮಾತ್ರ ಇರುವ ಸಣ್ಣದಕ್ಕೆ ಬದಲಿಸಿದರು, ಅಲ್ಲಿಗೆ ಅರ್ಧ ಕಷ್ಟ ಹೋಯಿತು. ಸಂಜೆ ಟಿವಿ ನೋಡುತ್ತಾ ಅರ್ಧ ಗಂಟೆ ಸುಮ್ನೆ ಹಾಕಿಕೊಂಡು ಕೂರುತ್ತಿದ್ದೆ. ಒಂದು ವಾರ ಹಾಗೆ ಮಾಡಿದ ಮೇಲೆ ಮುಖಕ್ಕೆ ಅದು ಹೊಸದು ಅನ್ನಿಸಲಿಲ್ಲ. ಪಟ್ಟಿ ಬಿಗಿ ಎಳೆಯಬೇಡಿ, ಬಿಗಿ ಆದಷ್ಟೂ ಗಾಳಿ ಸೋರುತ್ತದೆ, ಮೂಗಿನ ಮೇಲೆ ಗಾಯ ಆಗುತ್ತದೆ. ಮಲಗಿಕೊಂಡೇ ಸರಿ ಮಾಡಿಕೊಳ್ಳಿ, ಕೂತಾಗ ಸರಿಯಿದ್ದದ್ದು ಮಲಗಿದಾಗ ಜಾರುತ್ತದೆ.

ನಮ್ಮ ಕರಾವಳಿಯ ಮಳೆಗಾಲ ಗೊತ್ತಲ್ಲ. ಪೈಪಿನಲ್ಲಿ ನೀರು ನಿಂತು ಮುಗ್ಗಲು ವಾಸನೆ ಬರುತ್ತದೆ. ಮಾಸ್ಕಿನ ಮೆತ್ತೆ ದಿನಾ, ಪೈಪ್ ವಾರಕ್ಕೊಮ್ಮೆ ಸಾದಾ ಸೋಪಿನ ನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಗಾಳಿಗೆ ತೇವ ಕೊಡುವ ನೀರಿನ ಡಬ್ಬಿಗೆ ಬಾವಿ ನೀರು ಬೇಡ, ಡಿಸ್ಟಿಲ್ಡ್ ವಾಟರ್ ಹಾಕಿ, ದಿನಾ ಚೆಲ್ಲಿ ಬದಲಿಸಿ. ರಾತ್ರಿ ಕರೆಂಟ್ ಹೋದರೆ ಉಸಿರು ಕಟ್ಟಿ ಸಾಯುತ್ತೇನೆ ಅಂತ ನನಗೆ ಹೆದರಿಕೆ ಇತ್ತು. ಮಾಸ್ಕಿನಲ್ಲಿ ಗಾಳಿ ಹೋಗಲು ರಂಧ್ರ ಇದ್ದೇ ಇರುತ್ತದೆ, ಎಚ್ಚರ ಆಗುತ್ತದೆ, ತೆಗೆದರಾಯಿತು. ನಾವು ಇನ್ವರ್ಟರಿಗೆ ಹಾಕಿದ್ದೇವೆ.

ಹಳೆಮರ, ಸಿದ್ದಾಪುರ

ನನ್ನ ಸಂಶಯಕ್ಕೆ ಉತ್ತರ ಸಿಕ್ಕಿತು, ಧನ್ಯವಾದ. ಇನ್ನೆರಡು ಕೇಳಲೇ? ಹಳೇ ಮಷಿನ್ ಅರ್ಧ ಬೆಲೆಗೆ ಸಿಗುತ್ತದೆ ಅನ್ನುತ್ತಾರೆ, ತಗೊಳ್ಳಬಹುದಾ? ಮತ್ತೆ ಶಂಖ ಊದಿದರೆ ವಾಸಿಯಾಗುತ್ತದೆ ಅಂತ ವಾಟ್ಸಾಪಿನಲ್ಲಿ ಬಂದಿತ್ತು.

ರಾತ್ರಿಪಾಳಿ, ಯಲ್ಲಾಪುರ

ಹಳೇ ಮಷಿನ್ ಬಗ್ಗೆ ಜಾಗ್ರತೆ. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ತನ್ನ ಲಕ್ಷಗಟ್ಟಲೆ ಮಷಿನ್‌ಗಳನ್ನು ವಾಪಸ್ ಕರೆಯಿತು, ಒಳಗಿನ ಫೋಮ್ ಪುಡಿಯಾಗಿ ಉಸಿರಿಗೆ ಸೇರಬಹುದು ಅಂತ. ಅಂಥದ್ದು ಯಾರ ಕೈಯಿಂದ ಯಾರ ಕೈಗೆ ಬಂದಿದೆಯೋ ಹೇಳಲಾಗದು. ಒತ್ತಡವೂ ಒಬ್ಬೊಬ್ಬರಿಗೆ ಒಂದೊಂದು. ಬೇರೆಯವರ ಚಪ್ಪಲಿ ಹಾಕಿಕೊಂಡ ಹಾಗಲ್ಲ ಇದು. ಬಾಡಿಗೆಗೆ ಕೊಡುವವರಿದ್ದಾರೆ, ಒಂದು ತಿಂಗಳು ನೋಡಿ ಆಮೇಲೆ ಹೊಸದು ಕೊಳ್ಳಿ.

ಶಂಖದ ಮಾತು ಪೂರ್ತಿ ಸುಳ್ಳಲ್ಲ. ಜೈಪುರದಲ್ಲಿ ಮಧ್ಯಮ ತೊಂದರೆ ಇದ್ದ 30 ಜನರ ಮೇಲೆ ಮಾಡಿದ ಅಧ್ಯಯನ 2025ರಲ್ಲಿ ಬಂತು. ಆರು ತಿಂಗಳು ಶಂಖ ಊದಿದವರಿಗೆ ಹಗಲಿನ ನಿದ್ದೆ ಕಮ್ಮಿಯಾಯಿತು, ಉಸಿರು ನಿಲ್ಲುವ ಲೆಕ್ಕ ಗಂಟೆಗೆ ನಾಲ್ಕೈದರಷ್ಟು ಇಳಿಯಿತು. ಗಂಟಲಿನ ಸ್ನಾಯುವಿಗೆ ಅದು ವ್ಯಾಯಾಮ. ಸೌಮ್ಯ ಇದ್ದವರು ಊದಲಿ, ಒಳ್ಳೆಯದೇ. ಆದರೆ 46ರಲ್ಲಿ ಐದು ಕಳೆದರೆ 41.

ತೂಕ ಇಳಿಸುವುದು ನಿಜಕ್ಕೂ ಕೆಲಸ ಮಾಡುತ್ತದೆ. 2000ದಲ್ಲಿ ಅಮೆರಿಕದ ಅಧ್ಯಯನವೊಂದರಲ್ಲಿ ತೂಕ ನೂರಕ್ಕೆ ಹತ್ತರಷ್ಟು ಇಳಿದಾಗ ಈ ಲೆಕ್ಕ ಸುಮಾರು ಕಾಲು ಭಾಗ ಇಳಿದಿತ್ತು. ತೂಕ ಇಳಿಸುವ ಟಿರ್ಜೆಪಟೈಡ್ ಇಂಜೆಕ್ಷನ್ನಿಗೆ ಅಮೆರಿಕದಲ್ಲಿ 2024ರ ಡಿಸೆಂಬರಿನಲ್ಲಿ ಬೊಜ್ಜು ಇರುವ ಅಪ್ನಿಯಾ ರೋಗಿಗಳಿಗೆ ಒಪ್ಪಿಗೆ ಸಿಕ್ಕಿದೆ. ಅದನ್ನು ಡಾಕ್ಟರ್ ಹೇಳದೆ ಮುಟ್ಟಬೇಡಿ. ಗಂಟಲಿನ ಆಪರೇಷನ್ ದೊಡ್ಡವರಲ್ಲಿ ಎಲ್ಲರಿಗೂ ಆಗಿಬರುವುದಿಲ್ಲ.

ತೋಟದಮನೆ, ಶಿರಸಿ

ಆರು ವಾರ ಆಯಿತು ನಾನು ಈ ಚರ್ಚೆ ಶುರು ಮಾಡಿ. ಟೀಚರ್ ಹೇಳಿದ ಹಾಗೆ ಮಾಸ್ಕ್ ಬದಲಿಸಿದೆ. ಒತ್ತಡ ಸಣ್ಣದರಿಂದ ಶುರುವಾಗಿ ಮೆಲ್ಲಗೆ ಏರುವ ಹಾಗೆ ಹೊಂದಿಸಿಕೊಟ್ಟರು. ಮೊದಲು ಮೂರು ಗಂಟೆ, ಆಮೇಲೆ ನಾಲ್ಕು, ಈಗ ಆರೂವರೆ ಗಂಟೆ ನಿಲ್ಲುತ್ತದೆ. ಇವತ್ತು ಬೆಳಿಗ್ಗೆ ಮಷಿನ್ ತೋರಿಸಿದ್ದು ಗಂಟೆಗೆ 3. ಮೂತ್ರಕ್ಕೆ ಒಂದೇ ಸಲ ಎದ್ದೆ. ಬಿಪಿ ಮಾತ್ರೆ ಎರಡೂ ಇವೆ, ಆದರೆ ಈಗ ಹಿಡಿತದಲ್ಲಿದೆ.

ಅಂಕೋಲಾದ ತಮ್ಮಾ, ನೀನು ಆಮೇಲೆ ಬರೆಯಲೇ ಇಲ್ಲ. ದಿನಾ ನೋಡುತ್ತಿದ್ದೇನೆ.

ಅರಬೈಲ್ ತಿರುವು, ಅಂಕೋಲಾ

ಓದುತ್ತಿದ್ದೆ ಅಣ್ಣಾ. ಗಾಡಿ ಬಿಟ್ಟು ಒಂದು ತಿಂಗಳ ಮೇಲಾಯಿತು, ಗೋದಾಮಿನಲ್ಲಿ ಲೆಕ್ಕ ಬರೆಯುತ್ತಿದ್ದೇನೆ. ಟೈಲರ್ ಟೇಪಿನಲ್ಲಿ ಹೆಂಡತಿ ಕತ್ತು ಅಳೆದಳು, 43. ಹುಬ್ಬಳ್ಳಿಯಲ್ಲಿ ಗುರುವಾರ ರಾತ್ರಿಗೆ ಪರೀಕ್ಷೆಗೆ ಹೆಸರು ಬರೆಸಿದ್ದೇನೆ. ಅಷ್ಟೆಲ್ಲ ವೈರ್ ಹಚ್ಚಿದರೆ ನಿದ್ದೆ ಬರುತ್ತದಾ?

ತೋಟದಮನೆ, ಶಿರಸಿ

ಬರುತ್ತದೆ. ತಲೆಗೆ, ಗಲ್ಲಕ್ಕೆ, ಎದೆಗೆ ಅಂಟಿಸುತ್ತಾರೆ, ಬೆರಳಿಗೊಂದು ಕ್ಲಿಪ್ ಹಾಕುತ್ತಾರೆ, ನೋವು ಏನೂ ಇಲ್ಲ. ತಲೆಗೆ ಎಣ್ಣೆ ಹಚ್ಚಿಕೊಂಡು ಬರಬೇಡ, ವೈರ್ ನಿಲ್ಲುವುದಿಲ್ಲ. ಹೆಂಡತಿ ಕಂಡದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆಸಿಕೊಂಡು ಬಾ, ಡಾಕ್ಟರ್ ಮೊದಲು ಕೇಳುವುದು ಅದನ್ನೇ. ರಾತ್ರಿಯ ಲೆಕ್ಕವೆಲ್ಲ ಇರುವ ನನ್ನ ಮಷಿನ್ನಿನ ಕಾರ್ಡ್ ತೋರಿಸಲು ನಾನೂ ಗುರುವಾರವೇ ಬರುತ್ತೇನೆ. ಸಂಜೆ ಆರಕ್ಕೆ ಹುಬ್ಬಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇರುತ್ತೇನೆ. ಗಾಡಿ ಓಡಿಸಿಕೊಂಡು ಬರಬೇಡ, ಬಸ್ಸಲ್ಲಿ ಬಾ.